ಎಡಗೈ ಸೋಕದ ಊದುಬತ್ತಿ

ಸಿದ್ದಾಪುರದ ಶಾಂತವೀರಪ್ಪನವರ ಊದುಬತ್ತಿ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು: ಕಡ್ಡಿಗೆ ಎಡಗೈ ಸೋಕಕೂಡದು. ದೇವರ ಮುಂದೆ ಉರಿಯುವ ವಸ್ತು, ಅದನ್ನು ಬಲಗೈಯೇ ಹೊಸೆಯಬೇಕು ಎಂದು ಶೆಡ್ಡು ಶುರುಮಾಡಿದ ಅವರ ತಾಯಿ ಹೇಳಿಹೋಗಿದ್ದರು. ಆ ತಾಯಿ ಈಗ ಹಾರ ಹಾಕಿಸಿಕೊಂಡು ಗೋಡೆಯ ಮೇಲಿನ ಫೋಟೋದಲ್ಲಿದ್ದರು. ಬದುಕಿದ್ದಾಗ ಅವರ ಮಾತನ್ನು ಒಬ್ಬಿಬ್ಬರಾದರೂ ಮೀರುತ್ತಿದ್ದರೇನೋ, ಫೋಟೋ ಆದಮೇಲೆ ಯಾರಿಗೂ ಆ ಧೈರ್ಯವಿರಲಿಲ್ಲ. ಹನ್ನೆರಡು ಹೆಂಗಸರು ಸಾಲಾಗಿ ಕೂತು, ಎಡಗೈಯನ್ನು ಮಡಿಲಲ್ಲಿ ಮಲಗಿಸಿ, ಬಲಗೈಯೊಂದರಿಂದಲೇ ದಿನಕ್ಕೆ ಎರಡೆರಡು ಸಾವಿರ ಕಡ್ಡಿ ಹೊಸೆಯುತ್ತಿದ್ದರು.

ಅವರಲ್ಲಿ ಗೌರಮ್ಮನ ಕೈ ಎಲ್ಲರಿಗಿಂತ ಚುರುಕು ಎಂದು ಹೆಸರು. ಆ ಹೆಸರೇ ಅವಳಿಗೆ ಮುಳುವಾಯಿತು. ಸಾವಿರದ ಒಂಬೈನೂರ ಅರವತ್ತೆರಡರ ಯುಗಾದಿ ಕಳೆದ ಮೇಲೆ ಮಣಿಕಟ್ಟಿನಲ್ಲಿ ನೋವು ಶುರುವಾಗಿ, ಮೊಣಕೈಗೆ ಹತ್ತಿ, ಭುಜದಲ್ಲಿ ಬಂದು ಕೂತಿತು. ಬೆಳಿಗ್ಗೆ ಮಗಳ ಜಡೆ ಹೆಣೆಯಲು ಹೋದರೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಹುಡುಗಿ ಕೆದರಿದ ಕೂದಲಲ್ಲೇ ಸ್ಕೂಲಿಗೆ ಹೋಗಿ ಮೇಷ್ಟರ ಕೈಲಿ ಬೈಸಿಕೊಂಡು ಬರುತ್ತಿತ್ತು. ಆದರೂ ಗೌರಮ್ಮ ಬಾಯಿ ಬಿಡಲಿಲ್ಲ. ಹಿಂದಿನ ವರ್ಷ ಸಿದ್ದಗಂಗಮ್ಮ ಕೈನೋವು ಎಂದದ್ದಕ್ಕೆ "ಮನೇಲಿ ಸುಧಾರಿಸ್ಕೊಳ್ಳಮ್ಮ" ಎಂದು ಶಾಂತವೀರಪ್ಪ ಕಳಿಸಿದ್ದರು. ಮರುವಾರವೇ ಆಕೆ ಕಡ್ಡಿ ಹೊಸೆಯುತ್ತಿದ್ದ ಮಣೆಯ ಮುಂದೆ ಬೇರೊಬ್ಬಳು ಕೂತಿದ್ದಳು. ಗೌರಮ್ಮನದು ಗಂಡನಿಲ್ಲದ ಮನೆ, ಆ ಬಲಗೈಯೇ ಮನೆಯ ಯಜಮಾನ.

ಹೀಗಿರುವಾಗ ಜಯನಗರದ ಚಕ್ರಪಾಣಿ ಎಂಬಾತ ತನ್ನ ತಾಯಿ ಮಾಡುವ ಪೂಜೆಗೆ ಊದುಬತ್ತಿ ಕೊಳ್ಳಲು ಬಂದ. ಯಾವುದೋ ಕಾರ್ಖಾನೆಯಲ್ಲಿ ಕೆಲಸಗಾರರ ಕೈಕಾಲು ಹೇಗೆ ಓಡಾಡುತ್ತವೆಂದು ನೋಡಿ ಬರೆದುಕೊಳ್ಳುವುದೇ ಅವನ ನೌಕರಿ. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನಗಬೇಡಿ, ಕೊಡುತ್ತಾರೆ. ಕಟ್ಟು ಕೊಂಡವನು ಹೊರಡದೆ ಬಾಗಿಲಲ್ಲೇ ನಿಂತು ನೋಡಿದ. ಎರಡು ಶನಿವಾರ ಮಧ್ಯಾಹ್ನ ಬಂದು ಕೂತು ನೋಡಬಹುದೇ ಎಂದು ಕೇಳಿದ. ಕೆಲಸ ಇನ್ನಷ್ಟು ಬೇಗ ಸಾಗೀತೆಂಬ ಆಸೆಗೆ ಶಾಂತವೀರಪ್ಪ ಹೂಂ ಅಂದರು. ಮೊದಲ ಶನಿವಾರ ಅವನು ಕೈಯಲ್ಲಿ ಗಡಿಯಾರ ಹಿಡಿದು ಬಂದ.

"ಗಡಿಯಾರ ಹಿಡ್ಕಂಡು ಬಂದೋನು ನಮ್ಮ ಉಸಿರೂ ಎಣಿಸ್ತಾನೆ. ನಿಧಾನಕ್ಕೆ ಹೊಸೀರಿ" ಎಂದು ಎಲ್ಲರಿಗೂ ಹಿರಿಯಳಾದ ಸೊಣ್ಣಮ್ಮ ಪಿಸುಗುಟ್ಟಿದಳು. ಹೆಂಗಸರೆಲ್ಲ ಬೀಗರ ಮುಂದೆ ಊಟಕ್ಕೆ ಕೂತವರ ಹಾಗೆ ನಾಜೂಕಾದರು. ಗೌರಮ್ಮ ಮಾತ್ರ ನೋವು ಯಾರಿಗೂ ಕಾಣದಿರಲೆಂದು ಇನ್ನೂ ಬಿರುಸಾಗಿ ಹೊಸೆದಳು. ಪೆದ್ದಿ, ಅದರಿಂದಲೇ ಸಿಕ್ಕಿಬಿದ್ದಳು. ಚಕ್ರಪಾಣಿ ಗಡಿಯಾರವನ್ನು ಜೇಬಿಗೆ ಹಾಕಿ ಅವಳ ಮಣೆಯ ಪಕ್ಕದಲ್ಲಿ ಬಂದು ಕೂತ.

ಎರಡನೆಯ ಶನಿವಾರ ಹೂ ಕಟ್ಟುವ ದಾರದ ಉಂಡೆ ತಂದ. ಎಡಮಂಡಿಯ ಬಳಿಯ ಕಡ್ಡಿಕಟ್ಟಿನಿಂದ ಬಲಕ್ಕಿದ್ದ ಇದ್ದಿಲಿನ ಕರಿಹಿಟ್ಟಿಗೆ, ಹಿಟ್ಟಿನಿಂದ ಮಣೆಗೆ, ಮಣೆಯಿಂದ ಪುಡಿಯ ತಟ್ಟೆಗೆ, ಅಲ್ಲಿಂದ ಬೆನ್ನ ಹಿಂದಿದ್ದ ಮೊರಕ್ಕೆ, ಮತ್ತೆ ಕಡ್ಡಿಗೆ, ಹೀಗೆ ಅವಳ ಕೈ ಹೋದಲ್ಲೆಲ್ಲ ದಾರ ಎಳೆದು ಅಳೆದ.

"ಒಂದು ಕಡ್ಡಿಗೆ ನಿಮ್ಮ ಬಲಗೈ ಎಂಟು ಅಡಿ ಓಡಾಡುತ್ತೆ ಗೌರಮ್ಮನೋರೆ. ಎರಡು ಸಾವಿರ ಕಡ್ಡಿಗೆ ಮೂರು ಮೈಲಿ ಆಯ್ತು."

"ಮೂರು ಮೈಲಿ ಅಂದ್ರೆ ನಮ್ಮ ಕತ್ರಿಗುಪ್ಪೆ" ಎಂದಳು ಗೌರಮ್ಮ. ಅದು ಅವಳ ತವರು. "ಅವ್ವನ್ನ ನೋಡಿ ವರ್ಷ ಆಯ್ತು ಸ್ವಾಮಿ. ಕೈ ಮಾತ್ರ ದಿನಾ ಅಲ್ಲೀಗಂಟ ಹೋಯ್ತೈತೆ ಅನ್ನಿ."

ಹೆಂಗಸರು ನಕ್ಕರು. ಚಕ್ರಪಾಣಿ ನಗದೆ ಶಾಂತವೀರಪ್ಪನವರ ಕಡೆ ತಿರುಗಿದ.

"ಎಡಗೈ ಒಂದು ಹೆಜ್ಜೇನೂ ಇಟ್ಟಿಲ್ಲ ನೋಡಿ. ಕಡ್ಡಿ ಎತ್ತಿ ಕೊಡೋ ಕೆಲಸ ಅದು ಮಾಡ್ಲಿ. ಮೊರ ಮುಂದಕ್ಕೆ ಬರ್ಲಿ, ಮಣೆ ನಾಲ್ಕು ಬೆರಳು ಎತ್ತರ ಆಗ್ಲಿ. ಇಲ್ದಿದ್ರೆ ದೀಪಾವಳಿ ಹೊತ್ತಿಗೆ ಇವರು ಕೈ ಎತ್ತೋಕಾಗಲ್ಲ."

ಗೌರಮ್ಮ ಕೈಯನ್ನು ಸೆರಗಿನಡಿ ಸರಿಸಲು ಹೋದಳು. ಶಾಂತವೀರಪ್ಪ ಅವಳ ಊದಿದ ಮಣಿಕಟ್ಟು ನೋಡಿದರು, ಗೋಡೆಯ ಫೋಟೋ ನೋಡಿದರು.

"ಮೊರ, ಮಣೆ ಏನ್ ಬೇಕಾದ್ರೂ ಮಾಡಿ ಸಾರ್. ಎಡಗೈ ಮಾತ್ರ ಬೇಡ, ಅದು ಅವ್ವ ಹಾಕಿದ ಗೆರೆ. ಬೇಕಾದ್ರೆ ಗೌರಮ್ಮ ಮನೇಲಿ ಸುಧಾರಿಸ್ಕೊಳ್ಳಲಿ."

ಸುಧಾರಿಸಿಕೊಳ್ಳುವುದು ಎಂದರೇನೆಂದು ಶೆಡ್ಡಿಗೆಲ್ಲ ಗೊತ್ತಿತ್ತು.

ಸಂಜೆ ಕೆಲಸ ಬಿಡುವಾಗ ಒಬ್ಬೊಬ್ಬರೇ ಫೋಟೋಗೆ ಕೈ ಮುಗಿದು ಹೊರಡುವುದು ಅಲ್ಲಿಯ ರೂಢಿ. ತನ್ನ ಸರದಿ ಬಂದಾಗ ಗೌರಮ್ಮ ಮುಂದೆ ನಿಂತಳು. ಬಲಗೈ ಸೊಂಟದವರೆಗೆ ಬಂದು ನಿಂತುಬಿಟ್ಟಿತು. ಎಡಗೈಯಿಂದ ಅದನ್ನು ಹಿಡಿದೆತ್ತಿ, ಎದೆಯ ಬಳಿ ತಂದು, ಜೋಡಿಸಿ ಮುಗಿದಳು. ತುಟಿ ಕಚ್ಚಿಕೊಂಡರೂ ಕಣ್ಣೀರು ನಿಲ್ಲಲಿಲ್ಲ.

ಸೊಣ್ಣಮ್ಮ ನೋಡುತ್ತಿದ್ದಳು. ಫೋಟೋದ ತಾಯಿಯ ಪಕ್ಕದಲ್ಲೇ ಕೂತು ಹೊಸೆಯಲು ಕಲಿತವಳು ಅವಳು. ಆ ಕಟ್ಟಳೆಯನ್ನು ಇಷ್ಟು ವರ್ಷ ಕಾದವಳೂ ಅವಳೇ.

"ಏನಪ್ಪ ಶಾಂತವೀರಪ್ಪ" ಎಂದಳು. "ಕೈ ಮುಗಿಯೋವಾಗ ಎಡಗೈನ ಬೀದೀಲಿ ಬಿಟ್ಟು ಬತ್ತೀವಾ? ಇಷ್ಟು ವರ್ಷ ನಿಮ್ಮವ್ವ ಎರಡೂ ಕೈ ನಮಸ್ಕಾರ ತಗಂಡವ್ಳೆ. ಒಂದಿನಾನೂ ಬ್ಯಾಡ ಅಂದಿಲ್ಲ."

ಶಾಂತವೀರಪ್ಪ ಫೋಟೋ ನೋಡಿದರು. ಫೋಟೋ ಎಂದಿನಂತೆ ಸುಮ್ಮನಿತ್ತು.

"ಸೋಮವಾರದಿಂದ ಎರಡೂ ಕೈ" ಎಂದು ಹೇಳಿ ಒಳಗೆ ಹೋದರು.

ಚಕ್ರಪಾಣಿಯ ಮಾತಿನಂತೆ ಗೌರಮ್ಮ ಒಂದು ತಿಂಗಳು ಹೊಸೆಯಲಿಲ್ಲ, ಒಣಗಿದ ಕಡ್ಡಿ ಆರಿಸುತ್ತ ಕೂತಳು. ಅವಳ ಮಣೆ ಅವಳಿಗಾಗಿಯೇ ಕಾದಿತ್ತು. ಮೊದಲ ವಾರವೆಲ್ಲ ಎಡಗೈಗಳು ಹೊಸ ಸೊಸೆಯರ ಹಾಗೆ ತಡವರಿಸಿದವು, ಆಮೇಲೆ ಪಳಗಿದವು. ಸಿದ್ದಗಂಗಮ್ಮನನ್ನೂ ಮನೆಗೇ ಹೋಗಿ ಶಾಂತವೀರಪ್ಪ ಕರೆತಂದರು. ದೊಡ್ಡ ಮನುಷ್ಯರು ತಪ್ಪು ಒಪ್ಪಿಕೊಳ್ಳುವ ರೀತಿಯೇ ಹೀಗೆ, ಬಾಯಲ್ಲಿ ಹೇಳುವುದಿಲ್ಲ.

ಶ್ರಾವಣದ ಒಂದು ಭಾನುವಾರ ಗೌರಮ್ಮ ಮಗಳನ್ನು ಕರೆದುಕೊಂಡು ಕತ್ರಿಗುಪ್ಪೆಗೆ ಹೊರಟವಳು, ಮೊದಲು ಜಯನಗರದ ಚಕ್ರಪಾಣಿಯ ಮನೆಗೆ ಬಂದಳು. ಹುಡುಗಿಗೆ ಬಿಗಿಯಾಗಿ ಹೆಣೆದ ಎರಡು ಜಡೆ, ಜಡೆಯಲ್ಲಿ ಕನಕಾಂಬರ. ಹೂ ಕಟ್ಟಿದ್ದು ಅವನು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ದಾರದಲ್ಲೇ.

"ನಿಮ್ಮ ಋಣ ಹೆಂಗೆ ತೀರ್ಸಲಿ ಸ್ವಾಮಿ? ಇವಳ ಜಡೆ ಒಂದ್ಸಲ ನೋಡಿ, ನಾನೇ ಹಾಕಿದ್ದು" ಎಂದಳು. ಸೆರಗಿನೊಳಗಿಂದ ಊದುಬತ್ತಿಯ ಕಟ್ಟು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ಇದೂ ನಾನೇ ಹೊಸ್ದಿದ್ದು. ಅಮ್ಮಾವ್ರ ಪೂಜೆಗೆ."

ಚಕ್ರಪಾಣಿ ವಾಡಿಕೆಯಂತೆ ಬಲಗೈ ಚಾಚಿದ. ಆಮೇಲೆ ಎಡಗೈಯನ್ನೂ ಸೇರಿಸಿದ.