ಕಹಕಶಾಳ ಸೆರಗಿನ ಬಿಲ್ಲೆ

ಕೊಟ್ಟೂರಿನ ಗಿರಣಿ ಪಾಲಾಕ್ಷಪ್ಪನಿಗೆ ಹಿಡಿದಿದ್ದ ಹುಚ್ಚು ಕೇಳಿದರೆ ಯಾರಾದರೂ ನಗಬೇಕು. ಎರಡು ಸಾವಿರದ ಇಸವಿಯ ಆಚೀಚೆ, ಸಂತೆಯಲ್ಲಿ ಹಳೇ ಫಾರಿನ್ ಕೋಟು ಮಾರುವ ರಾಜಾಸಾಬ ಬೇಲು, ಅಂದರೆ ಕೋಟುಗಳ ದೊಡ್ಡ ಗಂಟು ಬಿಚ್ಚಿದಾಗ, ಕೆಲವು ಕೋಟಿನ ಕಾಲರಿಗೆ ಚುಚ್ಚಿದ, ಹಿಂದೆ ಪಿನ್ನಿರುವ ಬಣ್ಣದ ಬಿಲ್ಲೆಗಳು ಸಿಗುತ್ತಿದ್ದವು. ಒಂದು ಕಾಲು ಹಿಂದಕ್ಕೆತ್ತಿ ಮಂಜುಗಡ್ಡೆಯ ಮೇಲೆ ಜಾರುವ ಹೆಣ್ಣಿನ ಚಿತ್ರವಿದ್ದ ಬಿಲ್ಲೆಗಳೆಂದರೆ ಪಾಲಾಕ್ಷಪ್ಪನಿಗೆ ಪ್ರಾಣ. ದೂರದ ದೇಶಗಳಲ್ಲಿ ಹಾಗೆ ಜಾರುತ್ತ ಕುಣಿಯುವ ಪಂದ್ಯ ನಡೆಯುತ್ತದೆ, ಅದರ ನೆನಪಿಗೆ ಬಿಲ್ಲೆ ಮಾಡಿಸುತ್ತಾರೆ ಎಂದು ತಿಳಿಸಿದವಳು ರಾಜಾಸಾಬನ ಮಗಳು, ಕಾಲೇಜು ಓದುವ ಕಹಕಶಾ. ಬಿಲ್ಲೆಯ ಮೇಲಿನ ಊರು, ಇಸವಿ ಓದಿ ಹೇಳುವವಳೂ ಅವಳೇ.

ರಾಜಾಸಾಬ ಕಾಸು ಕೇಳಿದವನಲ್ಲ. ಸಿಕ್ಕಿದ್ದನ್ನೆಲ್ಲ ತೆಗೆದಿಟ್ಟು ಚಹಾದ ಜೊತೆ ಕೊಡುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆದು, ಆ ಬೇಲಿನ ಬಿಲ್ಲೆಗಳೆಲ್ಲ ತನ್ನವೇ ಎಂಬುದು ಪಾಲಾಕ್ಷಪ್ಪನ ತಲೆಯಲ್ಲಿ ಕೂತುಬಿಟ್ಟಿತ್ತು.

ಕಹಕಶಾಳನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಬಂದ ದಿನ ರಾಜಾಸಾಬ ಅವನನ್ನೂ ಕರೆದಿದ್ದ. "ನಮ್ಮ ಕಡೀಗೆ ಹಿರೇರು ಅಂದ್ರ ನೀನ ಅಣ್ಣ" ಅಂದಿದ್ದ.

ಹುಡುಗಿ ಶರಬತ್ತಿನ ತಟ್ಟೆ ಹಿಡಿದು ಬಂದಳು. ತಲೆಯ ಮೇಲಿನ ಸೆರಗು ಜಾರದಂತೆ ಕಿವಿಯ ಹತ್ತಿರ ಒಂದು ಬಿಲ್ಲೆ ಚುಚ್ಚಿದ್ದಳು. ನೀಲಿ ಬಣ್ಣ, ಎರಡೂ ತೋಳು ಚಾಚಿ ತಿರುಗುವ ಹೆಣ್ಣು. ಇಂಥದನ್ನು ಪಾಲಾಕ್ಷಪ್ಪ ಕಂಡೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಲೇ ರಾಜಾ, ಇದ್ಯಾವಾಗ ಬಂತಲೇ? ನನಗ ತೋರಿಸದಂಗ ಮುಚ್ಚಿಟ್ಟೀಯೇನು?"

ರಾಜಾಸಾಬ ನಗಲು ನೋಡಿದ. "ಆಮ್ಯಾಲೆ ಮಾತಾಡೂಣು, ಕುಂದ್ರಣ್ಣ. ಶರಬತ್ ಕುಡಿ."

"ಎಂಥ ಆಮ್ಯಾಲೆ? ನನ್ನ ಸಾಮಾನು ಕದ್ದು ಮಗಳಿಗೆ ಸಿಂಗಾರ ಮಾಡೀಯಲ್ಲ."

ಕಹಕಶಾ ತಟ್ಟೆಯನ್ನು ನೆಲಕ್ಕಿಟ್ಟಳು. ಬಿಲ್ಲೆ ಬಿಚ್ಚಿ ಅವನತ್ತ ಚಾಚಿದಳು. "ತಗೋರಿ ಕಾಕಾ. ಮನ್ಯಾಗ ಬ್ಯಾರೆ ಪಿನ್ ಸಿಗಲಿಲ್ಲ."

ಸೆರಗು ಹೆಗಲಿಗೆ ಜಾರಿತು. ಪರ ಊರಿನ ಗಂಡಸರ ಮುಂದೆ ಬರಿತಲೆಯಲ್ಲಿ ನಿಂತ ಮಗಳನ್ನು ತಾಯಿ ಸೈದಾ ಬೀ ಓಡಿಬಂದು ತನ್ನ ಸೆರಗಿನಲ್ಲಿ ಮುಚ್ಚಿ ಒಳಗೆ ಕರೆದೊಯ್ದಳು. ಹುಡುಗನ ತಂದೆ ಗೋಡೆಯತ್ತ ಮುಖ ತಿರುಗಿಸಿದ.

ಪಾಲಾಕ್ಷಪ್ಪ ಅಂಗೈಯಲ್ಲಿ ಬಿಲ್ಲೆ ಹಿಡಿದು ನಿಂತೇ ಇದ್ದ. ನನ್ನ ಸಾಮಾನು ಅಂದೆನಲ್ಲ, ಯಾವ ಬಾಯಿಂದ ಅಂದೆ? ಬೇಲು ರಾಜಾನದು, ಕೋಟು ಅವನದು. ನನ್ನದು ಅಂತ ಇದ್ದದ್ದು ಅವನು ಕೊಟ್ಟ ಹಿರಿತನ ಒಂದೇ.

ಮರುವಾರ ಸಂತೆಯ ಅಂಗಡಿಗೆ ಹೋದ. ರಾಜಾಸಾಬ ಕೋಟು ಮಡಿಚುತ್ತಿದ್ದ.

"ಹಡಗಲಿಯೋರು ಏನಂದ್ರೋ?"

"ಒಪ್ಯಾರ್ರಿ. ದೊಡ್ಡ ಮನಸಿನ ಮಂದಿ ಅದಾರ."

ಯಾವತ್ತೂ ನೀನು ಅಂದವನ ಬಾಯಲ್ಲಿ 'ರಿ' ಕೇಳಿ ಪಾಲಾಕ್ಷಪ್ಪನ ಕಿವಿ ಕಾದವು. ಬಿಲ್ಲೆಯನ್ನು ಕೋಟುಗಳ ಮೇಲಿಟ್ಟ. "ಹುಡುಗಿಗೆ ಕೊಡು."

"ಬ್ಯಾಡ್ರಿ. ಅದನ್ನ ಕಂಡ್ರ ಅಕಿ ಮತ್ತ ಅಳ್ತಾಳ. ನೀವ ಒಯ್ರಿ."

ತಪ್ಪಾಯಿತು ಅನ್ನಲು ಪಾಲಾಕ್ಷಪ್ಪ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಗಿರಾಕಿ ಬಂದು ಕೋಟಿನ ಅಳತೆ ಕೇಳಿದ. ರಾಜಾಸಾಬ ಅತ್ತ ತಿರುಗಿ, ಕೋಟು ಬಿಡಿಸಿ ತೋರಿಸತೊಡಗಿದ. ಪಾಲಾಕ್ಷಪ್ಪ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಬಿಲ್ಲೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.