ಭಾವ ಹೊಲಿದ ಪ್ಯಾಡು

ಕಿವಿರಾಯ ಎಂಬ ಅಡ್ಡಹೆಸರು ಅಕ್ಕ ಇಟ್ಟದ್ದು. ದುಬಾರಿ ಹೆಡ್‌ಫೋನುಗಳನ್ನು ತರಿಸಿಕೊಂಡು, ಎರಡೆರಡನ್ನು ಪಕ್ಕಪಕ್ಕ ಇಟ್ಟು, ಇದರ ತಾರಕ ಚುರುಕು, ಅದರ ಮಂದ್ರ ಮಂಕು ಎಂದು ತೂಗಿ ಹೇಳುವುದು ಅವನ ಕಸುಬು. ಅದನ್ನು ಕೇಳಲು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಜನ ಕಾದು ಕೂರುತ್ತಾರೆಂದರೆ ನೀವು ನಗಬಹುದು, ಅಕ್ಕನೂ ನಗುತ್ತಿದ್ದಳು. "ನೊಣ ಕೆಮ್ಮಿದರೂ ಇವನಿಗೆ ಕೇಳುತ್ತೆ. ನಾನು ಕರೆದರೆ ಮಾತ್ರ ಕಿವುಡು" ಎನ್ನುತ್ತಿದ್ದಳು. ಆ ಮಾತನ್ನು ಈಗ ಮನೆಯಲ್ಲಿ ಯಾರೂ ಆಡುವುದಿಲ್ಲ.

ಅಕ್ಕ ಹೋಗಿ ಮೂರು ವರ್ಷ. ಅಂದು ಮಧ್ಯಾಹ್ನ ಅವಳು ಹಿತ್ತಲ ಮೆಟ್ಟಿಲಿನಿಂದ ಬಿದ್ದಾಗ ಮನೆಯಲ್ಲಿದ್ದವನು ಇವನೊಬ್ಬನೇ. ಕೋಣೆಯಲ್ಲಿ ಕೂತು, ಹಳೆಯ ಹೆಡ್‌ಫೋನಿನಲ್ಲಿ ತಾಳದ ಟಿಕ್‌ಟಿಕ್ ಹಾಕಿಕೊಂಡು, ಆ ಲಯಕ್ಕೆ ತನ್ನ ಹೊಸ ವಿಮರ್ಶೆಯನ್ನು ಮೈಕಿಗೆ ಓದುತ್ತಿದ್ದ. ಓದು ಮುಗಿಸಿ ನೀರು ಕುಡಿಯಲು ಎದ್ದಾಗಲೇ ಅವಳನ್ನು ಕಂಡದ್ದು. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದಳೇನೋ ಎಂದರು ಡಾಕ್ಟರು.

ಸಂಜೆ ಅಮ್ಮ ಎಲ್ಲರೆದುರು ಕೇಳಿದಳು. "ಅವಳು ಕೂಗಿರಲ್ವೇನೋ? ನಿನಗೆ ಕೇಳಿಸಲೇ ಇಲ್ವಾ?"

ಅವನ ಬದಲು ಭಾವನೇ ಎದ್ದು ಕೋಣೆಗೆ ಹೋದರು, ಸ್ವಲ್ಪ ಹೊತ್ತಿನ ಮೇಲೆ ಹೆಡ್‌ಫೋನು ಹಿಡಿದು ಬಂದರು. ಅದಕ್ಕಿದ್ದದ್ದು ಕಿವಿ ಮುಚ್ಚುವ ದಪ್ಪ ಚರ್ಮದ ಪ್ಯಾಡು. ತಾಳ ಹಾಕಿ ಅಮ್ಮನ ಕಿವಿಗೆ ಒತ್ತಿ, ಬಾಗಿಲಾಚೆ ನಿಂತು ಅವಳನ್ನು ಕರೆದರು. ಅಮ್ಮ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದಳು. "ನೋಡಿದ್ರಾ ಅತ್ತೆ? ಇದನ್ನ ಹಾಕ್ಕೊಂಡವನಿಗೆ ಸಿಡಿಲು ಬಿದ್ರೂ ಗೊತ್ತಾಗಲ್ಲ" ಎಂದರು. ಹೆಂಡತಿಯನ್ನು ಕಳೆದುಕೊಂಡವರೇ ಹಾಗೆಂದ ಮೇಲೆ ಮಿಕ್ಕವರು ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಕಿವಿರಾಯ, ಆ ಮಾತನ್ನೇ ತನಗೂ ಹೇಳಿಕೊಂಡು, ಆ ಚರ್ಮದ ಪ್ಯಾಡಿನ ಮರೆಯಲ್ಲೇ ಬದುಕಿದ್ದಾನೆ.

ಆ ದಿನದ ಧ್ವನಿಮುದ್ರಣ ಅವನ ಬಳಿ ಇದೆ. ಹನ್ನೊಂದನೆಯ ನಿಮಿಷದಲ್ಲಿ, ಅವನ ಮಾತಿನ ಹಿಂದೆ, ಎರಡು ಗೋಡೆಯಾಚೆಯಿಂದ ಅಕ್ಕನ ದನಿ: "ಲೋ ಕಿವಿರಾಯಾ..." ಒಂದೇ ಸಲ. ಇದನ್ನು ಅವನು ಯಾರಿಗೂ ಹೇಳಿಲ್ಲ. ಆದರೆ ಹೊಸ ಹೆಡ್‌ಫೋನು ಯಾವುದೇ ಬರಲಿ, ಮೊದಲು ಹಾಕುವುದು ಅದನ್ನೇ. ಒಂದರಲ್ಲಿ ಅಕ್ಕ ಹಿತ್ತಲಲ್ಲಿರುತ್ತಾಳೆ, ಇನ್ನೊಂದರಲ್ಲಿ ಬಾಗಿಲ ಬಳಿ, ಅಪರೂಪಕ್ಕೆ ಬೆನ್ನ ಹಿಂದೆಯೇ. ಅವನು ತಿರುಗಿ ನೋಡುತ್ತಾನೆ. ಆಮೇಲೆ "ದೂರದ ದನಿಗಳನ್ನು ಚೆನ್ನಾಗಿ ಬಿಡಿಸಿ ಕೊಡುತ್ತದೆ" ಎಂದು ಬರೆಯುತ್ತಾನೆ. ನಾಚಿಕೆಗೇಡು ಎನ್ನಿ, ಹುಚ್ಚು ಎನ್ನಿ. ಅಕ್ಕನನ್ನು ಕಾಣಲು ಅವನಿಗೆ ಬೇರೆ ದಾರಿ ಗೊತ್ತಿಲ್ಲ.

ಈ ಸಲ ಹೋಲಿಕೆಗೆ ಬಂದವು ಎರಡು, ಬೆಳ್ಳಿ ಬಣ್ಣದ್ದೊಂದು, ಕಪ್ಪಿನದೊಂದು. ಕಪ್ಪಿನದರಲ್ಲಿ ಎಲ್ಲವೂ ಕಂಬಳಿ ಹೊದ್ದಂತೆ ಕೇಳುತ್ತಿತ್ತು. ಪ್ಯಾಡು ಬದಲಿಸಿದರೆ ದನಿಯೇ ಬದಲಾಗುತ್ತದೆ. ಚರ್ಮದ ಪ್ಯಾಡು ಕಿವಿಯನ್ನು ಬಿಗಿಯಾಗಿ ಮುಚ್ಚುತ್ತದೆ. ಮಖಮಲ್ಲಿನದು ಗಾಳಿಯಾಡಲು ಬಿಡುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಸೋರುತ್ತದೆ. ಪ್ಯಾಡು ಬೇಕೆಂದರೆ ಭಾವ ಇದ್ದಾರಲ್ಲ. ಗಾಡಿಗಳ ಸೀಟು ಹೊಲಿಯುವವರು. "ಕಿವಿಗೂ ಸೀಟಾ?" ಎಂದು ನಗುತ್ತಲೇ ಇವನ ಹಳೆಯ ಹೆಡ್‌ಫೋನಿಗೆ ಎರಡು ಜೊತೆ ಹೊಲಿದುಕೊಟ್ಟಿದ್ದರು: ಚರ್ಮದ್ದೊಂದು, ಸೆಕೆಗಾಲಕ್ಕೆಂದು ಮಖಮಲ್ಲಿನದೊಂದು.

ಅಂಗಡಿಯಲ್ಲಿ ಅಂಟಿನ ವಾಸನೆ, ಮೂಲೆಯಲ್ಲಿ ಸ್ಪಂಜಿನ ರಾಶಿ. ಭಾವ ತೆಳು ಬಟ್ಟೆಯ ಪ್ಯಾಡು ಹೊಲಿದು ಮುಗಿಸಿ ಕೈಗಿತ್ತರು. "ನೋಡು, ನಿನ್ನ ಕಿವಿಗೆ ಒಪ್ಪುತ್ತಾ ಅಂತ."

ಕಪ್ಪಿನದಕ್ಕೆ ಸಿಕ್ಕಿಸಿ, ಅಭ್ಯಾಸಬಲದಿಂದ ಅದೇ ಮುದ್ರಣ ಹಾಕಿದ. ಕಂಬಳಿ ಸರಿದಿತ್ತು. ಅವನ ಮಾತಿನ ಅಡಿಯಲ್ಲಿ, ಇದುವರೆಗೆ ಯಾವ ಹೆಡ್‌ಫೋನೂ ತೋರಿಸದ ಸಣ್ಣ ಸದ್ದೊಂದಿತ್ತು. ಟಿಕ್. ಟಿಕ್. ಟಿಕ್.

ತಾಳ. ಅವನ ಕಿವಿಯಿಂದ ಸೋರಿ ಮೈಕಿಗೆ ಬಿದ್ದ ತಾಳ. ಚರ್ಮದ ಪ್ಯಾಡಿನಿಂದ ಅಷ್ಟು ಸೋರುವುದು ಸಾಧ್ಯವೇ ಇಲ್ಲ. ಒಳಗಿನದು ಹೊರಗೆ ಹೋಗಿತ್ತು ಎಂದರೆ, ಹೊರಗಿನದೂ ಒಳಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಕರೆದಳು. ಅವಳು ಕರೆದೊಡನೆ ಅವನ ಓದು ಒಂದು ಕ್ಷಣ ನಿಂತು ಮುಂದುವರಿದಿತ್ತು. ಮೂರು ವರ್ಷ ಅದು ಉಸಿರೆಳೆದದ್ದು ಎಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದ.

ಹೆಡ್‌ಫೋನು ತೆಗೆದ. "ಭಾವ, ಆವತ್ತು ನನ್ನ ಹೆಡ್‌ಫೋನಿಗೆ ಇದ್ದದ್ದು ಯಾವ ಪ್ಯಾಡು?"

"ಚರ್ಮದ್ದು. ಎಲ್ಲರೂ ನೋಡಿದಾರಲ್ಲ."

"ಭಾವ."

ಹೊಲಿಗೆ ಯಂತ್ರದ ಮೇಲಿದ್ದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. "ಮಖಮಲ್ಲಿಂದು. ಅತ್ತೆ ಕೇಳಿದಾಗ ಒಳಗೆ ಹೋದೆನಲ್ಲ, ಮೇಜಿನ ಮೇಲಿತ್ತು. ನಾನೇ ಹೊಲಿದದ್ದು, ನೋಡಿದ ಕೂಡಲೇ ಗೊತ್ತಾಯ್ತು. ಬಿಚ್ಚಿ ಜೇಬಿಗೆ ಹಾಕ್ಕೊಂಡು ಚರ್ಮದ್ದು ಸಿಕ್ಕಿಸಿದೆ."

"ಯಾಕೆ?"

"ನಿನ್ನ ಮೇಲಿನ ಪ್ರೀತಿಗೇನಲ್ಲ ಕಣೋ. ಇದ್ದದ್ದು ಮಖಮಲ್ಲು ಅಂತ ಬಾಯಿ ಬಿಟ್ಟು ಹೇಳಿದ್ರೆ, ಮುಂದಿನ ಮಾತು ನಿನ್ನ ಕೇಳಲೇಬೇಕಿತ್ತು. ಕೇಳಿ, ನೀನು ಹೌದು ಅಂದಿದ್ರೆ, ಅಲ್ಲೇ ನಿನ್ನ ಕೊಂದು ಹಾಕ್ತಿದ್ದೆ." ಮೇಜಿನ ಮೇಲಿದ್ದ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು. "ಕೇಳಿಸಿತ್ತಾ?"

ಇಲ್ಲ ಎನ್ನಲು ಈಗಲೂ ಅವಕಾಶವಿತ್ತು.

"ಕೇಳಿಸಿತ್ತು ಭಾವ. ಯಾವಾಗಲೂ ಕರೀತಾಳಲ್ಲ, ಇದೊಂದು ಪುಟ ಮುಗಿಸಿ ಏಳೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು ಪುಟ ಅಂತ ಓದಿದೆ."

ಭಾವ ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಕಿವಿರಾಯನಿಗೆ ಅನ್ನಿಸಿತು. ಬೀದಿಯಲ್ಲಿ ಗಾಡಿಯೊಂದು ಬಂದು ನಿಂತು, ಯಾರೂ ಕೇಳುವವರಿಲ್ಲವೆಂದು ಹೊರಟುಹೋಯಿತು.

"ಅವಳ ದನಿ ಇದೆಯಾ ಅದರಲ್ಲಿ?" ಎಂದರು ಭಾವ. ಅವನು ತಲೆಯಾಡಿಸಿದ. "ಮೂರು ವರ್ಷದಿಂದ ಒಬ್ಬನೇ ಕೇಳ್ತಾ ಇದ್ದೀಯಾ? ಕೊಡು ಇಲ್ಲಿ."

ಕಿವಿರಾಯ ಅವರ ತಲೆಗೆ ಹೆಡ್‌ಫೋನು ಏರಿಸಿ, ಹತ್ತನೆಯ ನಿಮಿಷದಿಂದ ಹಾಕಿದ. ಭಾವ ತಾವೇ ಹೊಲಿದ ಪ್ಯಾಡುಗಳನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ಸ್ಟೂಲಿನ ಮೇಲೆ ಕೂತರು. ಅಂಕಿಗಳು ಸರಿಯುತ್ತಿದ್ದವು. ಹನ್ನೊಂದು ದಾಟಿದಾಗ ಅವರ ಮುಖ ಅಂಗಡಿಯ ಹಿಂಬಾಗಿಲ ಕಡೆ ತಿರುಗಿತು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ.

"ಬಂದೆ ಇರೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು ಭಾವ. ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟಿದ್ದರು.