ಪೆಟ್ಟಿಗೆ ಕೇಳಿದ ಪ್ರಶ್ನೆ

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ಮನೆಯ ಕತೆಯೂ ಅಷ್ಟೇ. ಗಂಡ ಫೋಟೋಗ್ರಾಫರ್. ಕಂಡವರ ಮದುವೆಯನ್ನೆಲ್ಲ ತೆಗೆದವನು ತಾನು ಕ್ಯಾಮೆರಾದ ಮುಂದೆ ನಿಂತದ್ದು ಕಡಿಮೆ. ಅವನು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಹೆಂಡತಿಗೆ ಸಿಕ್ಕಿದ್ದು ಲೈಸೆನ್ಸಿನ ಚಿತ್ರ ಒಂದೇ. ಅದರಲ್ಲಿ ಅವನು ಯಾರೋ ಬೈದು ಕೂರಿಸಿದವನಂತೆ ಕಾಣುತ್ತಿದ್ದ. ನಗುವ ಮುಖ ಒಂದಾದರೂ ಬೇಕಿತ್ತು ಅವಳಿಗೆ.

ಅವನು ತೆಗೆದದ್ದೆಲ್ಲ ಕಪಾಟಿನ ಮೇಲೆ, ಚಿತ್ರ ಕೂಡಿಡುವ ಕಂಪ್ಯೂಟರಿನಂಥ ಒಂದು ಕಪ್ಪು ಪೆಟ್ಟಿಗೆಯಲ್ಲಿತ್ತು. ಒಳಗೆ ನಾಲ್ಕು ಡಿಸ್ಕು, ಹಿಂದೆ ನೆಟ್‌ವರ್ಕಿನ ತಂತಿ. ಮುಖ ಗುರುತು ಹಿಡಿದು ಒಬ್ಬೊಬ್ಬರ ಚಿತ್ರವನ್ನು ಬೇರೆ ಮಾಡುವ ಸೌಕರ್ಯ ಅದಕ್ಕಿದೆ, ಆದರೆ ಮೆಮೊರಿ ಸಾಲದೆ ಅರ್ಧದಲ್ಲೇ ಮುಗ್ಗರಿಸುತ್ತಿದೆ ಎಂದು ಪರವೂರಿನ ಮೈದುನ ಹೇಳಿದ್ದ. ಮೆಮೊರಿ ಚಿಪ್ಪುಗಳಿರುವ ಹೊಸ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಿದ, ಬಂದು ಹಾಕಿಕೊಡುತ್ತೇನೆ ಅಂದ. ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಬಂತು. ಅವನಿಗೂ ಅವನ ಸಂಸಾರ. ಕೊನೆಗೆ ತಾನೇ ಸ್ಕ್ರೂಡ್ರೈವರ್ ಹಿಡಿದಳು.

ಅವಳು ದರ್ಜಿ. ಹಳೆಯ ಕೋಟು ಬಿಚ್ಚುವಾಗ ತೋಳು ಅದಲುಬದಲಾಗದಂತೆ ಬಣ್ಣದ ದಾರ ಕಟ್ಟುವುದು ರೂಢಿ. ಡಿಸ್ಕುಗಳಿಗೂ ಹಾಗೇ ಕಟ್ಟಿ ಹೊರಗಿಟ್ಟಳು. ಹಳೆಯ ಪಟ್ಟಿ ಸಲೀಸಾಗಿ ಬಂತು, ಹೊಸತು ಕೂರಲು ಬಿಗಿ. ಬಿಗಿಯಾದ ಯಾವುದಕ್ಕೂ ಅವಳಲ್ಲಿ ಒಂದೇ ಮದ್ದು, ಹೊಲಿಗೆ ಮಿಷನ್ನಿನ ಎಣ್ಣೆ. ಒಂದು ತೊಟ್ಟು ಬಿಟ್ಟಳು.

ಡಿಸ್ಕುಗಳನ್ನು ದಾರದ ಗುರುತಿನಂತೆ ಕೂರಿಸಿ ಸ್ವಿಚ್ ಒತ್ತಿದರೆ ಪೆಟ್ಟಿಗೆ ಕೀಂ ಕೀಂ ಅಂದು ಕೆಂಪು ದೀಪ ತೋರಿಸಿತು. ಮೈದುನನಿಗೆ ಫೋನು ಮಾಡಿದಳು.

“ನಿಜ ಹೇಳಿ ಅತ್ತಿಗೆ, ಏನ್ ಮಾಡಿದ್ರಿ?”

“ಚೂರು ಎಣ್ಣೆ ಬಿಟ್ಟೆ ಕಣೋ.”

“ಒಗ್ಗರಣೆ ಹಾಕ್ಲಿಲ್ವಲ್ಲ, ಪುಣ್ಯ.”

“ಎಲ್ಲಾ ಅಳಿಸಿಹೋಯ್ತೇನೋ?”

“ಇಲ್ಲ. ಮೆಮೊರಿ ಅಂದ್ರೆ ನಿಮ್ಮ ಬಟ್ಟೆ ಕತ್ತರಿಸೋ ಮೇಜಿದ್ದ ಹಾಗೆ. ಬಟ್ಟೆ ಎಲ್ಲಾ ಡಿಸ್ಕು ಅನ್ನೋ ಬೀರುನಲ್ಲೇ ಇದೆ.”

ಪಟ್ಟಿಯನ್ನೂ ಅದು ಕೂರುವ ಸಂದಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಎರಡು ತುದಿಯೂ ಟಕ್ ಅನ್ನುವ ತನಕ ಒತ್ತಬೇಕೆಂದ. ಆಮೇಲೆ ಅವನ ಮಕ್ಕಳು ಕರೆದರು, ಫೋನು ಇಟ್ಟುಬಿಟ್ಟ.

ಈ ಸಲ ಹಸಿರು ದೀಪ. ಪೆಟ್ಟಿಗೆ ಹಗಲೂ ರಾತ್ರಿ ಗುರುಗುಟ್ಟುತ್ತ ಮುಖಗಳನ್ನು ಹೆಕ್ಕಿತು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎಲ್ಲಕ್ಕಿಂತ ದೊಡ್ಡ ರಾಶಿ ಅವಳದೇ. ಸೂಜಿಗೆ ದಾರ ಪೋಣಿಸುವವಳು, ಬಾಯಿ ಕಳೆದು ಮಲಗಿದವಳು. ಇವನ್ನೆಲ್ಲ ಯಾವಾಗ ತೆಗೆದನೋ. ಅವನ ರಾಶಿಯಲ್ಲಿದ್ದದ್ದು ಮಾತ್ರ ಅದೇ ಲೈಸೆನ್ಸಿನ ಮುಖ.

ಅದರ ಕೆಳಗೆ ಪೆಟ್ಟಿಗೆ ಅನುಮಾನದಿಂದ ಕೇಳಿತ್ತು: ‘ಇವರೂ ಅದೇ ವ್ಯಕ್ತಿಯೇ?’ ಮದುಮಗಳ ಹಿಂದಿನ ಕನ್ನಡಿಯಲ್ಲಿ ಒಬ್ಬ, ಮುಖದ ಅರ್ಧಕ್ಕೆ ಕ್ಯಾಮೆರಾ. ಹೌದು ಎಂದು ಒತ್ತಿದಳು. ಅಂಗಡಿಯ ಗಾಜಿನಲ್ಲಿ ಇನ್ನೊಮ್ಮೆ ಅವನೇ.

ಆ ಮನೆಯಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಸಂಜೆ ಹೊಲಿಗೆ ಮುಗಿಸಿ ಬಂದು ಕೂತು, ಪೆಟ್ಟಿಗೆ ಕೇಳಿದ್ದಕ್ಕೆ ಬಾಯಿಬಿಟ್ಟೇ ಉತ್ತರ ಹೇಳತೊಡಗಿದಳು. “ಹೂಂ, ಅವ್ರೇ. ಆ ಕಾಲರ್ ತಿರುಗಿಸಿ ಹೊಲಿದಿದ್ದು ನಾನೇ, ಗೊತ್ತಾಗಲ್ವಾ?”

ಒಂದು ಸಂಜೆ, ಇನ್ನು ಒಂದೇ ಉಳಿದಿದೆ ಎಂದು ತೋರಿಸಿತು. ಅವಳ ಹೊಲಿಗೆ ಕೋಣೆಯ ಕನ್ನಡಿ. ಅದರಲ್ಲಿ ಅವನು, ಕ್ಯಾಮೆರಾ ಎದೆಗಿಳಿದಿತ್ತು. ಮುಖ ಅಲುಗಿ ಮಸುಕಾಗಿತ್ತು. ಪೆಟ್ಟಿಗೆಗೆ ಗುರುತು ಸಿಗದಿದ್ದರೆ ತಪ್ಪಿಲ್ಲ. ನಗುತ್ತಿದ್ದ.

ಬಹಳ ಹೊತ್ತು ನೋಡಿದಳು. ಬೆರಳು ‘ಹೌದು’ ಎಂಬುದರ ಮೇಲೆ ಹೋಗಿ ನಿಂತಿತು. ಒತ್ತಿದರೆ ಪೆಟ್ಟಿಗೆ ಕೇಳುವುದು ಮುಗಿಯುತ್ತದೆ.

“ನಾಳೆ ಕೇಳು” ಅಂದಳು ಪೆಟ್ಟಿಗೆಗೆ, ಪರದೆ ಆರಿಸಿದಳು.